ದೇಸಾಯಿಯವರ ಬಂದೂಕಿಗೆ ಬಾಗಿದ ಮರ

ವಿಜಯವಾಡ

ನನ್ನ ಒಂಬತ್ತು ಉಳಿಗಳು ವಿಜಯವಾಡ ರೈಲು ನಿಲ್ದಾಣದ ಮೇಜೊಂದರ ಮೇಲೆ ಸಾಲಾಗಿ ಮಲಗಿದ್ದವು. ಪಕ್ಕದಲ್ಲಿ ಎರಡು ಅರ, ಒಂದು ಕೈಗರಗಸ, ಒಂದು ಕಟ್ಟು ಉಪ್ಪು ಕಾಗದ, ಹಳೇ ಸೀರೆಯಲ್ಲಿ ಸುತ್ತಿದ್ದ ತೋಳುದ್ದದ ಅಕ್ರೋಟು ಮರದ ತುಂಡು. ಮೇಜಿನ ಆಚೆ ಇಬ್ಬರು ಪೊಲೀಸರು, ಈಚೆ ನಾನು, ನನ್ನ ಹಿಂದೆ ಬೇರೇನೂ ಕೆಲಸವಿಲ್ಲದ ಹತ್ತು ಹದಿನೈದು ಜನ. ತಪಾಸಣೆಗೆ ಅವರು ಆರಿಸಿದ್ದು ನನ್ನ ಚೀಲವನ್ನೇ. ಐವತ್ತಮೂರು ವರ್ಷದ ಹೆಂಗಸು ಕಬ್ಬಿಣದ ಚೀಲ ಹೊತ್ತು ಒಂದು ಕಡೆಗೆ ವಾಲಿಕೊಂಡು ನಡೆದರೆ ಯಾರಿಗಾದರೂ ಅನುಮಾನ ಬರುತ್ತದೆ.

"ಏಮಿಟಮ್ಮಾ ಇವನ್ನೀ?" ಎಂದರು ಒಬ್ಬರು, ಇವೆಲ್ಲ ಏನು ಎಂಬಂತೆ ಉಳಿಗಳ ಕಡೆ ಬೆರಳು ಮಾಡಿ.

ನನಗೆ ತೆಲುಗು ಬಾರದು. ಕನ್ನಡವನ್ನೇ ನಿಧಾನವಾಗಿ, ಸ್ವಲ್ಪ ಜೋರಾಗಿ ಆಡಿದರೆ ತೆಲುಗಾಗುತ್ತದೆ ಎಂಬ ನಂಬಿಕೆಯಿಂದ "ಮರದ ಕೆಲಸ" ಎಂದೆ. ಯಾವ ಮರದ ಕೆಲಸ ಎಂದು ಕೈ ತಿರುಗಿಸಿ ಕೇಳಿದರು. ಸುಳ್ಳು ಹೇಳುವ ಅಭ್ಯಾಸವಿಲ್ಲದ್ದರಿಂದ "ತುಪಾಕಿ" ಎಂದೆ. ಆ ಒಂದು ಪದ ಎರಡೂ ಭಾಷೆಯಲ್ಲಿ ಒಂದೇ ಎಂದು ಆಮೇಲೆ ಗೊತ್ತಾಯಿತು. ಹಿಂದಿದ್ದ ಹದಿನೈದು ಜನ ಮೂವತ್ತಾದರು. ವಿವರಿಸೋಣವೆಂದು ಫೋನಿನಲ್ಲಿದ್ದ ಬಂದೂಕುಗಳ ಚಿತ್ರ ತೋರಿಸಿದೆ. ಬುದ್ಧಿ ಇದ್ದವರು ಮಾಡುವ ಕೆಲಸ ಅದಲ್ಲ.

ಕೊನೆಗೆ ನನ್ನನ್ನು ಕರೆಸಿಕೊಂಡಿದ್ದ ದೇಸಾಯಿಯವರಿಗೆ ಫೋನು ಮಾಡಿ ಪೊಲೀಸರ ಕೈಗೆ ಕೊಟ್ಟೆ. ಮೂರು ನಿಮಿಷ ತೆಲುಗಿನಲ್ಲಿ ಮಾತಾಯಿತು. ಆಮೇಲೆ ಅದೇ ಪೊಲೀಸರು ಉಳಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟು, ಕುಡಿಯಲು ನೀರು ಕೊಟ್ಟು, ತಮ್ಮ ಮನೆಯ ದೇವರ ಮಂಟಪದ ಕಾಲು ಮುರಿದಿದೆ, ನೋಡಬಹುದೇ ಎಂದು ಕೇಳಿದರು. ನಮ್ಮ ಮೈಸೂರಿನಲ್ಲಾಗಿದ್ದರೆ ಒಂದು ಅರ್ಜಿ ಬರೆಸಿಕೊಳ್ಳದೆ ಬಿಡುತ್ತಿರಲಿಲ್ಲ.

ನನ್ನ ಕಸುಬನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಪ್ಪ ಮೈಸೂರಿನಲ್ಲಿ ಬೀಟೆ ಮರದ ಕೆತ್ತನೆ ಮಾಡುತ್ತಿದ್ದರು; ಬಿಡುವಿದ್ದಾಗ ಹಳೇ ಬೇಟೆ ಬಂದೂಕುಗಳ ಮರದ ಭಾಗ ರಿಪೇರಿ ಮಾಡುತ್ತಿದ್ದರು. ಭುಜಕ್ಕೆ ಆನಿಸಿ, ಕೆನ್ನೆ ಒತ್ತಿ ಹಿಡಿಯುತ್ತಾರಲ್ಲ, ಆ ಮರ. ಅಂಗಡಿಯವರು ಅದನ್ನು ಸ್ಟಾಕ್ ಅನ್ನುತ್ತಾರೆ. ಅಪ್ಪನ ನಂತರ ಅದು ನನ್ನ ಕೈಗೆ ಬಂತು. ಕಬ್ಬಿಣದ ಭಾಗವನ್ನು ನಾನು ಮುಟ್ಟುವುದಿಲ್ಲ. ಅದಕ್ಕೆ ಲೈಸೆನ್ಸ್ ಇರುವವರು ಬೇರೆ ಇದ್ದಾರೆ. ಬಟ್ಟೆಯನ್ನು ಮೈ ಅಳತೆಗೆ ಹೊಲಿಸಿದ ಹಾಗೆ ಬಂದೂಕಿನ ಮರವನ್ನೂ ಆಳಿಗೆ ತಕ್ಕಂತೆ ಮಾಡಬೇಕು. ಬಂದೂಕು ಲೈಸೆನ್ಸುದಾರನನ್ನು ಬಿಟ್ಟು ಬರುವಂತಿಲ್ಲವಾದ್ದರಿಂದ ದರ್ಜಿಯೇ ಗಿರಾಕಿಯ ಮನೆಗೆ ಹೋಗಬೇಕು. ಹಾಗೆ ಹೋಗುತ್ತಲೇ ಇದ್ದರೂ ಕರ್ನಾಟಕ ಬಿಟ್ಟು ಆಚೆ ಕಾಲಿಟ್ಟವಳಲ್ಲ. ನನ್ನ ಪಾಲಿಗೆ ತುಂಗಭದ್ರೆ ದಾಟಿದರೆ ಪರದೇಶವೇ.

ಗವರ್ನರ್‌ಪೇಟೆ

ದೇಸಾಯಿಯವರ ಮನೆ ಗವರ್ನರ್‌ಪೇಟೆಯ ಒಂದು ಸಗಟು ಬಟ್ಟೆ ಅಂಗಡಿಯ ಮೇಲೆ. ಕೆಳಗೆ ಆಟೋಗಳು ಒಂದನ್ನೊಂದು ಬೈದುಕೊಳ್ಳುತ್ತಿದ್ದವು. ಮೇಲೆ ಫ್ಯಾನು ಬಿಸಿಗಾಳಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸುತ್ತಿತ್ತು. ಆ ಊರಿನ ಸೆಕೆಯನ್ನು ಮೈಸೂರಿನವರಿಗೆ ವಿವರಿಸುವುದು ಕಷ್ಟ. ಬೆಳಿಗ್ಗೆ ಹನ್ನೊಂದಕ್ಕೇ ನನ್ನ ಅರದ ಹಿಡಿ ಬೆವರಿಗೆ ಜಾರತೊಡಗಿತ್ತು.

"ಬರ್ರಿ ಬರ್ರಿ ಸರೋಜಮ್ಮನವರ, ಪೊಲೀಸರ ಕೈಯಾಗಿಂದ ಪಾರಾದ್ರಲ್ಲ!" ಎಂದು ದೇಸಾಯಿಯವರು ಬಾಗಿಲಲ್ಲೇ ನಕ್ಕರು. ಧಾರವಾಡದವರು, ಬ್ಯಾಂಕಿನಲ್ಲಿ ವರ್ಗವಾಗಿ ಈ ಊರಿಗೆ ಬಂದು, ಇಲ್ಲಿನ ಅನ್ನಪೂರ್ಣ ಅವರನ್ನು ಮದುವೆಯಾಗಿ, ಮ್ಯಾನೇಜರಾಗಿ ನಿವೃತ್ತರಾಗಿ ಇಲ್ಲೇ ಉಳಿದಿದ್ದಾರೆ. ಎಪ್ಪತ್ತರ ಹತ್ತಿರದ ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅನ್ನಪೂರ್ಣ ಗಂಡನಿಂದ ಕಲಿತ ಕನ್ನಡ ಆಡುತ್ತಾರೆ, ಪ್ರತಿ ವಾಕ್ಯದ ತುದಿಗೂ ತೆಲುಗಿನ ಒಂದು 'ಅಂಡಿ' ಸೇರಿಸಿ. ಕೇಳುವುದಕ್ಕೆ ಬಲು ಮರ್ಯಾದೆಯಾಗಿರುತ್ತದೆ.

ಊಟದ ವಿಷಯದಲ್ಲಿ ಈ ಜನರಿಗೆ 'ಸಾಕು' ಎಂಬ ಮಾತು ಕೇಳಿಸುವುದಿಲ್ಲ. ಬೆಳಿಗ್ಗೆಯ ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ಹೊಟ್ಟೆಯಲ್ಲಿ ಉಪ್ಪಿಟ್ಟು ಇಟ್ಟುಕೊಂಡು ಬಂತು. ಅದನ್ನು ಮುಗಿಸುವಷ್ಟರಲ್ಲಿ ಇನ್ನೊಂದು. ಮಧ್ಯಾಹ್ನ ಪುಂಡಿಸೊಪ್ಪಿನ ಗೋಂಗೂರ ಚಟ್ನಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅನ್ನಪೂರ್ಣ "ಪರ್ವಾಲೇದಂಡಿ, ತುಪ್ಪ ಹಾಕ್ತೀನಿ" ಎಂದು ತುಪ್ಪದ ಜೊತೆಗೆ ಇನ್ನಷ್ಟು ಗೋಂಗೂರವನ್ನೂ ಹಾಕಿದರು. ನಾನಿದ್ದ ಅಷ್ಟೂ ದಿನ ಆ ಮನೆಯಲ್ಲಿ ಯಾರೂ ಯಾರಿಗೂ 'ಇಲ್ಲ' ಎಂದದ್ದು ನಾನು ಕೇಳಲಿಲ್ಲ. ನಮ್ಮ 'ಪರವಾಗಿಲ್ಲ' ಅವರ 'ಪರ್ವಾಲೇದು'. ಕೆಲಸದಾಕೆ ತಡವಾಗಿ ಬಂದರೂ ಪರ್ವಾಲೇದು, ಹಾಲು ಒಡೆದರೂ ಪರ್ವಾಲೇದು. ನಮ್ಮ ಮನೆಯಲ್ಲಿ ಹಾಲು ಒಡೆದರೆ ಬೀದಿಗೆಲ್ಲ ಗೊತ್ತಾಗುತ್ತದೆ.

ಊಟದ ನಂತರ ದೇಸಾಯಿಯವರು ಬೀರುವಿನಿಂದ ಬಂದೂಕು ತೆಗೆದರು. ಅನ್ನಪೂರ್ಣ ಅವರ ತಂದೆಯದು. ವಿಶಾಖಪಟ್ಣದ ಆಚೆ ಬೆಟ್ಟದ ಸೆರಗಿನಲ್ಲಿ ಜಮೀನಿದ್ದ ಅವರು ಹಂದಿ ಹೆದರಿಸಲು ಇಟ್ಟುಕೊಂಡಿದ್ದರಂತೆ. ನೋಡಲು ಸಾದಾ ಬೇಟೆ ರೈಫಲ್ಲು, ಸಣ್ಣ ತೋಟಾದ್ದು, ಆದರೆ ಅರೆ ಸ್ವಯಂಚಾಲಿತ: ಒಮ್ಮೆ ಕುದುರೆ ಎಳೆದರೆ ಒಂದೇ ಗುಂಡು, ಖಾಲಿ ತೋಟಾ ತಾನಾಗಿಯೇ ಬಲಕ್ಕೆ ಹಾರಿ ಬಿದ್ದು ಮುಂದಿನದು ಒಳಗೆ ಬಂದು ಕೂರುತ್ತದೆ. ದೇಸಾಯಿಯವರು ಪ್ರಾಣಿಗೆ ಹೊಡೆದವರಲ್ಲ. ಇಪ್ಪತ್ತೈದು ವರ್ಷದಿಂದ ಪ್ರತಿ ಭಾನುವಾರ ಊರಾಚೆಯ ಕ್ಲಬ್ಬಿನಲ್ಲಿ ಕಾಗದಕ್ಕೆ ಹೊಡೆಯುತ್ತಿದ್ದಾರೆ.

ಬಂದೂಕಿಗೆ ಮಾಡಿಸಿದ ಮಾರ್ಪಾಡುಗಳನ್ನು ಅವರು ಒಂದೊಂದಾಗಿ ತೋರಿಸಿದರು. ಮೊದಲು ನಳಿಗೆಯ ತುದಿಯ ಸಣ್ಣ ಗುರಿಗುಂಡಿಯನ್ನು ತೆಗೆಸಿ ದಪ್ಪನೆಯ ಬಿಳಿಯದನ್ನು ಹಾಕಿಸಿದ್ದು. ಆಮೇಲೆ ಒಂದು ಚಿಕ್ಕ ದುರ್ಬೀನು. ಅದರ ಜಾಗಕ್ಕೆ ದೊಡ್ಡದು. ದೊಡ್ಡ ದುರ್ಬೀನಿನ ಎತ್ತರಕ್ಕೆ ಕೆನ್ನೆ ಬರಲೆಂದು ಮರದ ಮೇಲೆ ಚರ್ಮದ ದಿಂಬು. ಪ್ರತಿಯೊಂದನ್ನೂ ಹೊಸ ಕಾರು ಕೊಂಡವರ ಉತ್ಸಾಹದಲ್ಲಿ ಹೇಳಿದರು. ನಾನು ನೋಡಿದ್ದು ಬೇರೆ. ಕಣ್ಣು ಒಂದೊಂದು ಮೆಟ್ಟು ಹಿಂದೆ ಸರಿದಾಗಲೆಲ್ಲ ಬಂದೂಕು ಒಂದೊಂದು ಮೆಟ್ಟು ಮುಂದೆ ಬಂದಿತ್ತು. ಡಾಕ್ಟರರ ಚೀಟಿ ನೋಡುವ ಅಗತ್ಯವೇ ಇರಲಿಲ್ಲ.

"ಈಗ ಬಲಗಣ್ಣು ಜರಾ ಮಬ್ಬು ಆಗೇತ್ರಿ," ಎಂದರು. "ಎಡಗಣ್ಣು ಝಗ್ ಅಂತೈತಿ. ಎಡ ಭುಜಕ್ಕ ಇಟ್ಟು ಹೊಡದ್ರ ಖಾಲಿ ತೋಟಾ ನನ್ನ ಮಾರಿ ಮುಂದನ ಹಾರ್ತೈತಿ. ಅದಕ್ಕ ಬಲ ಭುಜಾನ ಇರಲಿ, ಎಡಗಣ್ಣಿಗೆ ನಳಿಗಿ ಬರೂವಂಗ ಮರಾ ಬಾಗಿಸಿ ಕೊಡ್ರಿ."

ಅಂಥ ಬಾಗಿದ ಮರ ಕಷ್ಟದ ಕೆಲಸ, ಆದರೆ ಮಾಡಬಹುದಾದದ್ದು. ಅಪ್ಪ ಎರಡು ಮಾಡಿದ್ದರು. ನಾನು ಒಂದೂ ಮಾಡಿರಲಿಲ್ಲ. ಅದರ ಆಸೆಗೇ ಇಷ್ಟು ದೂರ ಬಂದಿದ್ದೆ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಮೊಣಕೈಯಿಂದ ಬೆರಳಿಗೆ, ಭುಜದಿಂದ ಕೆನ್ನೆಗೆ, ಕೆನ್ನೆಯಿಂದ ಕಣ್ಣಿಗೆ ದಾರ ಹಿಡಿದು ಅಳೆದೆ. ಬಲಗಣ್ಣು ಮುಚ್ಚಿ ಎದುರಿನ ಗೋಡೆಯ ಕ್ಯಾಲೆಂಡರ್ ಓದಲು ಹೇಳಿದೆ. ತಿಂಗಳು, ವಾರ, ಅಮಾವಾಸ್ಯೆ ಎಲ್ಲ ಪಟಪಟನೆ ಹೇಳಿದರು. ತೆಲುಗು ಅಕ್ಷರ ನಮ್ಮ ಅಕ್ಷರದ ಚಿಕ್ಕಪ್ಪನ ಮಗನಂತೆ. ಕಷ್ಟಪಟ್ಟರೆ ನನಗೂ ಓದಲು ಬರುತ್ತದೆ. ಗೋಡೆಯ ಮೇಲಿದ್ದದ್ದು ಹಿಂದಿನ ತಿಂಗಳ ಹಾಳೆ. ಹರಿಯುವುದನ್ನು ಯಾರೋ ಮರೆತಿದ್ದರು. ದೇಸಾಯಿಯವರು ಓದಿದ್ದು ಈ ತಿಂಗಳನ್ನು. ಅನ್ನಪೂರ್ಣ ಬೇಗನೆ ಎದ್ದು ಕಾಫಿ ತರಲು ಹೋದರು. ನಾನೂ ಅಳತೆಯ ಪುಸ್ತಕ ಮಡಚಿಟ್ಟೆ.

ಇಬ್ರಾಹಿಂಪಟ್ನಂ ದಾರಿ

ಮರುದಿನ ಭಾನುವಾರ. ಮರ ಮಾಡುವ ಮೊದಲು ಆಳು ಹೇಗೆ ನಿಲ್ಲುತ್ತಾನೆ, ಹೇಗೆ ಉಸಿರು ಹಿಡಿಯುತ್ತಾನೆ ಎಂದು ನೋಡಬೇಕು. ಇಬ್ರಾಹಿಂಪಟ್ನಂ ರಸ್ತೆಯಲ್ಲಿ ವಿದ್ಯುತ್ ಸ್ಥಾವರದ ಹೊಗೆಗೊಳವೆಗಳು ಕಾಣುವಷ್ಟು ದೂರ ಹೋಗಿ ಒಳಗೆ ತಿರುಗಿದರೆ ಅವರ ಕ್ಲಬ್ಬು. ಕ್ಲಬ್ಬು ಅಂದರೆ ಒಂದು ತಗಡಿನ ಚಪ್ಪರ, ಆರು ಪ್ಲಾಸ್ಟಿಕ್ ಕುರ್ಚಿ, ಐವತ್ತು ಗಜ ಆಚೆಗೆ ಮಣ್ಣಿನ ದಿಬ್ಬ, ಅದರ ಮುಂದೆ ಗುರಿಹಲಗೆ. ಹಲಗೆಯ ಪಕ್ಕದಲ್ಲಿ ಒಂದು ಮೋಟುಗೋಡೆ.

ಹಲಗೆಗೆ ಕಾಗದ ಅಂಟಿಸಿ, ತೂತು ಎಣಿಸಿ ತರುವವರು ಅಪ್ಪಲರಾಜು. ಐವತ್ತು ದಾಟಿದ ಸಣಕಲು ಮನುಷ್ಯ, ದೇಸಾಯಿಯವರನ್ನು ಕಂಡರೆ ಬ್ಯಾಂಕಿನ ಕಾಲದ ಸಲಾಮು. ಕಾಗದ ಬದಲಿಸಿ ಮೋಟುಗೋಡೆಯ ಹಿಂದೆ ಹೋಗಿ ಕೂತು ಅವರು ಸೀಟಿ ಊದಬೇಕು. ಆಮೇಲೆ ಇವರು ಹೊಡೆಯಬೇಕು. ಅದು ಅಲ್ಲಿನ ಪದ್ಧತಿ. ಅವತ್ತು ಬೇರೆ ಯಾರೂ ಬಂದಿರಲಿಲ್ಲ.

ದೇಸಾಯಿಯವರು ನಿಲ್ಲುವ ಠೀವಿ ನೋಡುವಂತಿತ್ತು. ಹತ್ತು ಗುಂಡು ಹೊಡೆದರು. ಅಪ್ಪಲರಾಜು ಹಲಗೆಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ಒಂದಿಷ್ಟು ಹೊತ್ತು ನಿಂತು, ಕಾಗದ ತಂದರು. ನಡುವಿನ ಕಪ್ಪು ವೃತ್ತದ ಸುತ್ತ ಒಂಬತ್ತು ತೂತು, ಜೇನುಹಲ್ಲೆಯ ಹಾಗೆ; ಮೂಲೆಯ ಕಡೆ ಇನ್ನೊಂದು. "ಸೂಪರ್ ಸಾರ್!" ಎಂದರು. ದೇಸಾಯಿಯವರು ಕಾಗದವನ್ನು ನೋಡಲಿಲ್ಲ. ಮಡಚಿ ಹೆಂಡತಿಗೆಂದು ಜೇಬಿಗಿಟ್ಟುಕೊಂಡರು. ಒಬ್ಬರ ಕೈಗೆ ಇಷ್ಟು ಚೆನ್ನಾಗಿ ಬರುತ್ತಿದ್ದರೆ ನನ್ನ ಮರ ಯಾಕೆ ಬೇಕು ಎಂದು ನಾನು ಯೋಚಿಸುತ್ತ ಕೂತೆ. ಹೆಮ್ಮೆಗೆ ಸ್ವಲ್ಪ ಪೆಟ್ಟೂ ಬಿತ್ತು.

ಎರಡನೆಯ ಸರದಿಗೆ ಅಪ್ಪಲರಾಜು ಹೊಸ ಕಾಗದ ಅಂಟಿಸಲು ಹೋದರು. ಆ ಹೊತ್ತಿಗೆ ರಸ್ತೆಯ ಕಡೆ ಬೂದಿ ತುಂಬಿದ ಲಾರಿಗಳು ತಿರುಗಿಕೊಳ್ಳುತ್ತಿದ್ದವು. ಅವಕ್ಕೆ ಕೈ ತೋರಿಸುತ್ತಿದ್ದ ಯಾರೋ ಉದ್ದಕ್ಕೆ ಒಂದು ಸೀಟಿ ಊದಿದರು.

ದೇಸಾಯಿಯವರು ಬಂದೂಕು ಎತ್ತಿ ಭುಜಕ್ಕಿಟ್ಟರು. ಕೆನ್ನೆ ಒತ್ತಿದರು. ಅಪ್ಪಲರಾಜು ಇನ್ನೂ ಹಲಗೆಯ ಮುಂದೆಯೇ ಬಾಗಿಕೊಂಡು ಅಂಟು ಹಚ್ಚುತ್ತಿದ್ದರು, ನೀಲಿ ಚೌಕಳಿಯ ಅಂಗಿ, ನನ್ನ ಕಣ್ಣಿಗೆ ಎದ್ದು ಕಾಣುತ್ತಿತ್ತು.

"ತಡೀರಿ!" ಎಂದು ಕಿರುಚಿದೆ. ನನ್ನ ದನಿ ಅಷ್ಟು ಜೋರಿದೆಯೆಂದು ನನಗೇ ಗೊತ್ತಿರಲಿಲ್ಲ.

ನಳಿಗೆ ಕೆಳಗಿಳಿಯಿತು. "ಏನಾತ್ರಿ?"

"ಅವ್ರು ಇನ್ನೂ ಅಲ್ಲೇ ಇದ್ದಾರೆ ಸಾರ್. ಹಲಗೆ ಮುಂದೆ."

ದೇಸಾಯಿಯವರು ದುರ್ಬೀನಿನ ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು. "ಹೌದ್ರಿ, ನೋಡೀನಿ. ಸುಮ್ನ ಭುಜಕ್ಕ ಹೊಂದಸಾಕತ್ತಿದ್ದೆ," ಎಂದರು. ಅಪ್ಪಲರಾಜು ಆಚೆಯಿಂದ ಕೈಯೆತ್ತಿ "ಪರ್ವಾಲೇದು ಸಾರ್!" ಎಂದು ಕೂಗಿದರು. ತನ್ನ ಬೆನ್ನಿಗೆ ಏನು ತಪ್ಪಿತೆಂದು ಆ ಪುಣ್ಯಾತ್ಮನಿಗೆ ತಿಳಿದಿತ್ತೋ ಇಲ್ಲವೋ. ದೇಸಾಯಿಯವರು ಆವತ್ತು ಮತ್ತೆ ಹೊಡೆಯಲಿಲ್ಲ, ಸೆಕೆ ಜಾಸ್ತಿಯಾಯಿತು ಎಂದರು. ವಾಪಸು ಬರುವಾಗ ಬಾಡಿಗೆ ಕಾರಿನ ಡ್ರೈವರು ಹಾಕಿದ ತೆಲುಗು ಹಾಡುಗಳನ್ನು ಕೇಳಿಕೊಂಡು ಬಂದೆವು. ಮನೆಗೆ ಬಂದಮೇಲೆ, ಅಳತೆಗೆ ಬೇಕು ಎಂದು ಸುಳ್ಳು ಹೇಳಿ ಆ ಕಾಗದ ಇಸಿದುಕೊಂಡೆ. ಸುಳ್ಳಿನ ಅಭ್ಯಾಸವಾಗಲು ಆ ಊರಿನಲ್ಲಿ ಎರಡು ದಿನ ಸಾಕಾಯಿತು.

ರೈಲಿನಲ್ಲಿ

ಬಂದೂಕಿನ ಕಬ್ಬಿಣ ಬಿಚ್ಚಿ ಕೊಡುವವರು ವಿಶಾಖಪಟ್ಣದ ರೆಹಮಾನ್ ಸಾಹೇಬರು, ಲೈಸೆನ್ಸ್ ಇರುವ ಬಂದೂಕು ಅಂಗಡಿಯವರು. ಕೆಲಸ ಅವರ ಅಂಗಡಿಯಲ್ಲೇ ನಡೆಯಬೇಕು. ಸೋಮವಾರ ಬೆಳಗಿನ ರೈಲು ಹಿಡಿದೆವು. ಬೀಗ ಹಾಕಿದ ಉದ್ದನೆಯ ಪೆಟ್ಟಿಗೆ ದೇಸಾಯಿಯವರ ಕಾಲ ಬಳಿ, ಲೈಸೆನ್ಸಿನ ಪುಸ್ತಕ ಎದೆಯ ಜೇಬಿನಲ್ಲಿ. ಎದುರಿನ ಸೀಟಿನವರು ಅದು ವೀಣೆಯೇ ಎಂದು ಕೇಳಿದರು. ಹೌದು ಎಂದರು ಅನ್ನಪೂರ್ಣ. ನಾನು ಯಾರೆಂದೂ ಕೇಳಿದರು. ವೀಣೆ ರಿಪೇರಿ ಮಾಡುವವರು ಎಂದರು. ಆಮೇಲೆ ರಾಜಮಂಡ್ರಿಯವರೆಗೂ ಆ ಮಹಾಶಯರು ತಮ್ಮ ಮಗಳ ಸಂಗೀತದ ಬಗ್ಗೆ ತೆಲುಗಿನಲ್ಲಿ ನನಗೆ ಹೇಳಿದರು, ನಾನು ಎಲ್ಲದಕ್ಕೂ ತಲೆಯಾಡಿಸಿದೆ.

ಗೋದಾವರಿಯ ಸೇತುವೆ ಬಂದಾಗ ಇಡೀ ಡಬ್ಬಿ ಕಿಟಕಿಗೆ ಬಂತು. ಜನ ನಾಣ್ಯ ಎಸೆದು ಕೈ ಮುಗಿದರು. ನಮ್ಮ ಕಾವೇರಿಯನ್ನು ನಾವೂ ಅಮ್ಮ ಅನ್ನುತ್ತೇವೆ, ಆದರೆ ಇಷ್ಟು ಅಗಲದ ಅಮ್ಮನನ್ನು ನಾನು ನೋಡಿರಲಿಲ್ಲ. ನದಿ ಮುಗಿದ ಮೇಲೆ ದೇಸಾಯಿಯವರು ನಿದ್ದೆ ಹೋದರು. ನಾನು ಕಾಗದ ಹೊರತೆಗೆದು ಬೆಳಕಿಗೆ ಹಿಡಿದೆ.

ಸೀಸದ ಗುಂಡು ಕಾಗದ ತೂರಿದರೆ ತೂತಿನ ಅಂಚಿಗೆ ಬೂದು ಬಣ್ಣದ ಒಂದು ಉಂಗುರ ಬಿಡುತ್ತದೆ. ಹತ್ತರಲ್ಲಿ ಒಂದಕ್ಕೆ ಮಾತ್ರ ಆ ಉಂಗುರವಿತ್ತು, ಅದೂ ಕಾಗದದ ಮೂಲೆಗೆ ಹತ್ತಿರ. ಉಳಿದ ಒಂಬತ್ತರ ಅಂಚು ಸ್ವಚ್ಛ, ಒಂದರಲ್ಲಿ ಪೆನ್ಸಿಲ್ಲಿನ ಮೊನೆಯ ಹೊಳಪು. ಅಪ್ಪಲರಾಜು ನಮಗೆ ಬೆನ್ನು ಮಾಡಿ ನಿಂತಿದ್ದು ಅವನ್ನು ಚುಚ್ಚುವುದಕ್ಕೆ.

ತಲೆಯೆತ್ತಿದರೆ ಅನ್ನಪೂರ್ಣ ನನ್ನನ್ನೇ ನೋಡುತ್ತಿದ್ದರು. ಕಾಗದವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದು ಮಡಚಿದರು.

"ನಾನೇ ಹೇಳಿದ್ದೆ ಅಂಡಿ ಅಪ್ಪಲರಾಜೂಗೆ," ಎಂದರು ಪಿಸುದನಿಯಲ್ಲಿ. "ಒಂದು ವರ್ಷ ಆಯ್ತು. ಡಾಕ್ಟರು ಎರಡೂ ಕಣ್ಣು ಹೋಗ್ತಾವೆ ಅಂದ್ರು. ಇವರು ಬಲಗಣ್ಣು ಒಂದೇ ಅಂತಾರೆ. ಸೋಮವಾರದಿಂದ ಶನಿವಾರದ ತನಕ ಕುರ್ಚಿ ಬಿಟ್ಟು ಏಳಲ್ಲ. ಭಾನುವಾರ ಆ ಕಾಗದ ತಂದಾಗ ಮಾತ್ರ ನಗ್ತಾರೆ, ಹೊಟ್ಟೆ ತುಂಬ ಊಟ ಮಾಡ್ತಾರೆ. ಮರ ಮಾಡಿ ಕೊಟ್ಟುಬಿಡಿ ಅಂಡಿ. ಇನ್ನೆಷ್ಟು ಭಾನುವಾರ ಅದಾವೋ."

"ನಿನ್ನೆ ಏನಾಯ್ತು ಅಂತ ನಿಮಗೆ ಹೇಳಿದ್ರಾ?"

ಅನ್ನಪೂರ್ಣ ಮಡಚಿದ ಕಾಗದವನ್ನೇ ಇನ್ನೊಮ್ಮೆ ಮಡಚಿದರು. ನಾನೇ ಹೇಳಿದೆ. ಲಾರಿಯ ಸೀಟಿ, ನೀಲಿ ಅಂಗಿ, ಎಲ್ಲ. ಅವರ ಮುಖ ಬಿಳಿಚಿತು. "ಇನ್ನು ಮೇಲೆ ಹಸಿರು ಬಾವುಟ ಹಿಡಿಯೋದಕ್ಕೆ ಹೇಳ್ತೀನಿ," ಎಂದರು. ಬಾವುಟ ಕಾಣುವ ಕಣ್ಣಿಗೆ ಅಪ್ಪಲರಾಜು ಕಾಣುತ್ತಿರಲಿಲ್ಲವೇ ಎಂದು ನಾನು ಕೇಳಲಿಲ್ಲ. ಅವರಿಗೂ ಆ ಪ್ರಶ್ನೆ ಹೊಳೆದಿರಬೇಕು, ಸೆರಗಿನಿಂದ ಮುಖ ಒರೆಸಿಕೊಂಡರು.

ಒಂದು ಕಡೆ ಒಬ್ಬರ ಭಾನುವಾರ, ಇನ್ನೊಂದು ಕಡೆ ಒಬ್ಬರ ಪ್ರಾಣ. ಇದರಲ್ಲಿ ಯೋಚಿಸುವುದೇನಿದೆ ಎಂದು ಮನೆಯಲ್ಲಿ ಕೂತು ಓದುವ ನಿಮಗೆ ಅನಿಸಬಹುದು. ಆ ಹೆಂಗಸಿನ ಎದುರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಿದ್ದರೆ ನಿಮಗೂ ಹಾಗೆ ಅನಿಸುತ್ತಿರಲಿಲ್ಲ. ಮರ ಮಾಡುವುದಿಲ್ಲ ಎಂದು ನಾನು ಅಲ್ಲೇ ಹೇಳಬೇಕಿತ್ತು. "ನೋಡೋಣ" ಎಂದೆ. ಗೋಂಗೂರ ತಿಂದ ನಾಲಿಗೆಗೆ 'ಇಲ್ಲ' ಬರುವುದಿಲ್ಲವೆಂದು ಕಾಣುತ್ತದೆ.

ವಿಶಾಖಪಟ್ಣ, ಮೊದಲ ಬೆಳಗು

ನಮ್ಮ ಕಡೆಯ ಸಮುದ್ರದಲ್ಲಿ ಸೂರ್ಯ ಮುಳುಗುತ್ತಾನೆ, ಇಲ್ಲಿ ಹುಟ್ಟುತ್ತಾನೆ. ಗೊತ್ತಿದ್ದ ವಿಷಯವೇ, ಆದರೂ ಕಣ್ಣಿಗೆ ತಪ್ಪಾಗಿ ಕಂಡಿತು. ಬೆಳಗಿನ ಹೊತ್ತು ಕಡಲ ದಂಡೆಯ ರಸ್ತೆಗೆ ವಾಹನ ಬಿಡುವುದಿಲ್ಲ. ಊರಿಗೆ ಊರೇ ರಸ್ತೆಯ ನಡುವೆ ನಡೆಯುತ್ತದೆ. ನಡೆಯುವವರಿಗಿಂತ ನಡೆದು ಸುಸ್ತಾಗಿ ಕೂತು ತಿನ್ನುವವರೇ ಹೆಚ್ಚು. ಬಂಡೆಗಳ ಮೇಲೆ ಕೂತು ನಾನು ನೀರಿನ ಸದ್ದು ಕೇಳಿದೆ. ಒಂದು ಅಲೆ ಬಂದು ನನ್ನ ಒಂದು ಚಪ್ಪಲಿಯನ್ನು ಒಯ್ದಿತು. ಇನ್ನೊಂದನ್ನು ಇಟ್ಟುಕೊಂಡು ಏನು ಮಾಡುವುದೆಂದು ಅದನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ವಸತಿಗೃಹಕ್ಕೆ ಬಂದೆ. ದಾರಿಯಲ್ಲಿ ನಾಲ್ಕು ಜನ ನಿಲ್ಲಿಸಿ ಚಪ್ಪಲಿ ಎಲ್ಲಿ ಎಂದು ಕೇಳಿದರು. ಮೈಸೂರಿನಲ್ಲಿ ಯಾರಾದರೂ ಹೀಗೆ ಕೇಳಿದರೆ ನಮಗೆ ಸಿಟ್ಟು ಬರುತ್ತದೆ.

ರೆಹಮಾನ್ ಸಾಹೇಬರ ಅಂಗಡಿ ಹಳೇ ಊರಿನಲ್ಲಿ, ಎಣ್ಣೆ ಮತ್ತು ಉಪ್ಪುಗಾಳಿಯ ವಾಸನೆಯ ಒಂದು ಉದ್ದನೆಯ ಕೋಣೆ. ಎಪ್ಪತ್ತೈದರ ಮುದುಕರು, ನನಗಿಂತ ಕಡಿಮೆ ಮಾತು. ನನ್ನ ಹಿಂದಿಗೂ ಅವರ ಹಿಂದಿಗೂ ಹೊಂದಿಕೆಯಾಗದ್ದರಿಂದ ಕೈಸನ್ನೆಯಲ್ಲೇ ಕೆಲಸ ನಡೆಸಿದೆವು. ಕಸುಬುದಾರರಿಗೆ ಅಷ್ಟು ಸಾಕಾಗುತ್ತದೆ. ಅಕ್ರೋಟನ್ನು ಮುಟ್ಟಿ ನೋಡಿ, ಸಮುದ್ರದ ತೇವಕ್ಕೆ ಉಬ್ಬುತ್ತದೆ, ಎರಡು ದಿನ ಬಿಡು ಎಂದು ಬೆರಳೆಣಿಸಿ ತೋರಿಸಿದರು. ಅದಕ್ಕೇ ಮೊದಲು ಒಂದು ಮಾವಿನ ಹಲಗೆಯಲ್ಲಿ ಪರೀಕ್ಷೆಯ ಮರ ಮಾಡಿದೆ. ಒರಟಾದದ್ದು, ಉಪ್ಪು ಕಾಗದ ಹಾಕದ್ದು, ಬರಿಯ ಅಳತೆಗೆ. ಭುಜದಿಂದ ಹೊರಟು ಎಡಕ್ಕೆ ಬಳುಕಿ ಕಣ್ಣಿನ ಎದುರಿಗೆ ಬರುವ ಆ ಬಾಗು ಕೈಗೆ ಬಂದಾಗ ನನಗೆ ಬಹಳ ಸಂತೋಷವಾಯಿತು. ಯಾರಿಗಾಗಿ ಮಾಡುತ್ತಿದ್ದೇನೆ ಎನ್ನುವುದೇ ಆ ಸಂಜೆಯವರೆಗೆ ಮರೆತುಹೋಗಿತ್ತು. ಕಸುಬಿನವರಿಗೆ ಈ ರೋಗ ಇರುತ್ತದೆ.

ಎರಡನೆಯ ದಿನ

ಮರ ಸರಿಯಾಗಿದೆಯೇ ಎಂದು ನೋಡಲು ನಮ್ಮಲ್ಲಿ ಒಂದು ಹಳೆಯ ಕ್ರಮವಿದೆ. ಬಂದೂಕಿನ ಒಳಗಿನ ಹೊಡೆಯುವ ಭಾಗವನ್ನೇ ಕಳಚಿಟ್ಟು, ಖಾಲಿ ಎಂದು ಮೂವರಾದರೂ ನೋಡಿದ ಮೇಲೆ, ಗಿರಾಕಿಯನ್ನು ನಿಲ್ಲಿಸಿ ಕೆಲಸಗಾರ ನಾಲ್ಕು ಹೆಜ್ಜೆ ಎದುರಿಗೆ ನಿಲ್ಲುತ್ತಾನೆ. ಗಿರಾಕಿ ಅವನ ಕಣ್ಣಿಗೇ ಗುರಿ ಹಿಡಿಯಬೇಕು. ಕೆಲಸಗಾರ ನಳಿಗೆಯ ಮೇಲಿನಿಂದ ಗಿರಾಕಿಯ ಕಣ್ಣಿನ ಬೊಂಬೆಯನ್ನು, ಅಂದರೆ ನಡುವಿನ ಕರಿ ಪಾಪೆಯನ್ನು, ನೋಡುತ್ತಾನೆ. ಬೊಂಬೆ ಗುರಿಗುಂಡಿಯ ನೇರಕ್ಕೆ ಬಂದರೆ ಮರ ಸರಿ. ರೆಹಮಾನ್ ಸಾಹೇಬರು ಆ ಭಾಗ ಕಳಚಿ ಮೇಜಿನ ಮೇಲಿಟ್ಟರು, ದುರ್ಬೀನನ್ನೂ ತೆಗೆದರು. ಅನ್ನಪೂರ್ಣ ಒಂದು ಸ್ಟೂಲಿನ ಮೇಲೆ ಕೂತಿದ್ದರು.

ದೇಸಾಯಿಯವರು ಮಾವಿನ ಮರವನ್ನು ಭುಜಕ್ಕಿಟ್ಟರು. ಅದು ಅವರಿಗೆ ಎಷ್ಟು ಚೆನ್ನಾಗಿ ಹೊಂದಿತೆಂದರೆ ರೆಹಮಾನ್ ಸಾಹೇಬರು "ವಾಹ್" ಎಂದರು. ಎರಡು ದಿನದಲ್ಲಿ ಅವರು ಆಡಿದ್ದು ಅದೊಂದೇ ಪೂರ್ತಿ ಮಾತು.

"ನನ್ನ ಕಣ್ಣಿಗೆ ಹಿಡೀರಿ ಸಾರ್," ಎಂದೆ.

ನಳಿಗೆ ನನ್ನ ದನಿಯ ಕಡೆಗೆ ಬಂದು ನಿಂತಿತು. ಬಾಗು ಸರಿಯಾಗಿತ್ತು, ಎಡಗಣ್ಣಿನ ಬೊಂಬೆ ಗುರಿಗುಂಡಿಯ ನೇರಕ್ಕೇ ಇತ್ತು. ಇಷ್ಟು ಹತ್ತಿರದಿಂದ ಆ ಕಣ್ಣನ್ನು ನಾನು ನೋಡಿರಲಿಲ್ಲ. ಅದು ನನ್ನನ್ನು ನೋಡುತ್ತಿರಲಿಲ್ಲ.

ನಾನು ಬರಿಗಾಲಲ್ಲಿ ಸದ್ದಿಲ್ಲದೆ ಪಕ್ಕಕ್ಕೆ ಮೂರು ಹೆಜ್ಜೆ ಇಟ್ಟೆ. ನಳಿಗೆ ಅಲ್ಲೇ ಇತ್ತು, ಬರಿಯ ಗೋಡೆಗೆ.

"ಈಗ ಬರೋಬ್ಬರಿ ಬಂತ್ರಿ," ಎಂದರು ದೇಸಾಯಿಯವರು, ಗೋಡೆಗೆ. "ನಿಮ್ಮ ಕಣ್ಣು ಸ್ವಚ್ಛ ಕಾಣಾಕತ್ತೈತಿ. ಎಂಥಾ ಕೆಲಸಾ ಮಾಡೀರಿ!"

ಅನ್ನಪೂರ್ಣ ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ಕಡೆ ನೋಡಿ ಬೇಡ ಬೇಡ ಎಂದು ತಲೆಯಾಡಿಸಿದರು. ಸುಮ್ಮನೆ ವಾಪಸು ಮೂರು ಹೆಜ್ಜೆ ಇಟ್ಟು "ಹೌದು ಸಾರ್" ಎಂದಿದ್ದರೆ ಎಲ್ಲರೂ ಖುಷಿಯಾಗಿ ಊಟಕ್ಕೆ ಹೋಗುತ್ತಿದ್ದೆವು.

"ಸಾರ್, ನಾನು ಇಲ್ಲಿದ್ದೀನಿ," ಎಂದೆ. "ನಿಮ್ಮ ಎಡಕ್ಕೆ. ನೀವು ಗೋಡೆಗೆ ಹಿಡಿದಿದ್ದೀರಿ. ಈ ಮರ ನಾನು ಮಾಡಲ್ಲ."

ಬಂದೂಕು ನಿಧಾನವಾಗಿ ಇಳಿಯಿತು. ಹೊರಗೆ ಮೀನಿನವಳೊಬ್ಬಳು ಕೂಗುತ್ತ ಹೋದಳು, ಅವರು ಆ ಕೂಗು ಹೋದ ಕಡೆಗೆ ಮುಖ ತಿರುಗಿಸಿದರು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

"ನಾನು ಈ ಮಾತಿನ ಸಲುವಾಗೇ ಕಾಯಾಕತ್ತಿದ್ದೆ ಅನ್ಸತೈತ್ರಿ," ಎಂದರು ಆಮೇಲೆ. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಮನ್ಯಾಗ ಯಾರೂ ನನಗ ಇಲ್ಲ ಅನ್ನಂಗಿಲ್ಲ. ಕ್ಲಬ್ಬಿನ್ಯಾಗೂ ಅನ್ನಂಗಿಲ್ಲ. ಸಂಕ್ರಾಂತಿ ಮುಂದ ಒಂದ್ ದಿನ ಕಾಗದದ ಮ್ಯಾಲೆ ಬೆರಳಾಡಿಸಿದೆ. ಹನ್ನೊಂದು ತೂತು. ನಾ ಹಾಕಿದ್ದು ಹತ್ತ ತೋಟಾ."

"ಆವತ್ತಿಂದ ಗೊತ್ತಿತ್ತಾ?" ಎಂದರು ಅನ್ನಪೂರ್ಣ. "ಮತ್ತೆ ನನಗ್ಯಾಕೆ ಹೇಳಲಿಲ್ಲ ಅಂಡಿ?"

"ನೀ ಅಷ್ಟ ಖುಷೀಲೆ ಕಾಗದ ಇಸ್ಕೋತಿದ್ದಿ. ಹೆಂಗ ಹೇಳ್ಲಿ?" ಬಂದೂಕನ್ನು ಮೇಜಿನ ಅಂಚು ತಡವಿ ಮಲಗಿಸಿದರು. "ಮೊನ್ನೆ ಇವರು ಒದರಿದಾಗ ನನ್ನ ಬೆರಳು ಕುದುರಿ ಮ್ಯಾಲ ಇತ್ತು, ಅನ್ನಪೂರ್ಣಾ. ಇನ್ನೊಂದ್ ಉಸರು ತಡಾ ಆಗಿದ್ರ ಅಪ್ಪಲರಾಜು ಇರತಿದ್ದಿಲ್ಲ."

ಅನ್ನಪೂರ್ಣ ಅಳಲಿಲ್ಲ. ಎದ್ದು ಗಂಡನ ಅಂಗಿಯ ಮೇಲೆ ಅಂಟಿದ್ದ ಮಾವಿನ ಮರದ ಪುಡಿಯನ್ನು ಕೊಡವಿದರು.

ಬಂದೂಕನ್ನು ರೆಹಮಾನ್ ಸಾಹೇಬರ ಅಂಗಡಿಯಲ್ಲೇ ಠೇವಣಿ ಇಡುವುದೆಂದಾಯಿತು. ಲೈಸೆನ್ಸ್ ಇರುವ ಅಂಗಡಿಯಲ್ಲಿ ಹಾಗೆ ಇಡಬಹುದು. ಮುಂದೆ ಯಾರಿಗೆ ಹೋಗಬೇಕೆಂದು ಆಮೇಲೆ ನೋಡಿದರಾಯಿತು. ಸಾಹೇಬರು ದಪ್ಪನೆಯ ಪುಸ್ತಕ ತೆರೆದು ನಂಬರು ಬರೆದುಕೊಂಡು ಪೆನ್ನು ಕೊಟ್ಟರು. ದೇಸಾಯಿಯವರು ಪೆನ್ನು ಹಿಡಿದು ಸುಮ್ಮನೆ ನಿಂತರು. ಇಷ್ಟು ದಿನ ಇಂಥ ಕಡೆ ಅವರು ಏನಾದರೂ ತಮಾಷೆ ಮಾಡಿ ಹೊತ್ತು ಕಳೆಯುತ್ತಿದ್ದರು, ಅಷ್ಟರಲ್ಲಿ ಅನ್ನಪೂರ್ಣ ಯಾರಿಗೂ ಕಾಣದ ಹಾಗೆ ಏನೋ ಮಾಡಿ ಸರಿಪಡಿಸುತ್ತಿದ್ದರು. ಈಗ ಆಕೆ ಎಲ್ಲರೆದುರೇ ಗಂಡನ ಕೈ ಹಿಡಿದು ಪೆನ್ನಿನ ಮೊನೆಯನ್ನು ಗೆರೆಯ ಮೇಲಿಟ್ಟರು. ರುಜು ಸ್ವಲ್ಪ ಮೇಲಕ್ಕೆ ಏರಿತು. ಸಾಹೇಬರು ಅದರ ಕೆಳಗೆ ಮೊಹರು ಒತ್ತಿದರು.

ನಾನು ಉಳಿಗಳನ್ನು ಎಣಿಸಿ ಕಟ್ಟಿಕೊಂಡೆ. ಬಾಗಿದ ಮರ ಮಾಡಲಾಗಲಿಲ್ಲ ಎಂಬ ಬೇಸರ ಆ ಹೊತ್ತಿನಲ್ಲೂ ಒಂದು ಮೂಲೆಯಲ್ಲಿತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಚೀಲ ಹೆಗಲಿಗೇರಿಸಿ ಅವರ ಹಿಂದೆ ಬಾಗಿಲಿಗೆ ಬಂದೆ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ದೇಸಾಯಿಯವರು ಹೊಸ್ತಿಲ ಮೇಲೆ ನಿಂತರು.

"ಎಷ್ಟ ಮೆಟ್ಲಾ ಅದಾವ?" ಎಂದು ಹೆಂಡತಿಯನ್ನು ಕೇಳಿದರು.

"ಮೂರು," ಎಂದರು ಅನ್ನಪೂರ್ಣ. "ಮೂರನೇದು ಸ್ವಲ್ಪ ಎತ್ತರ ಅದೆ, ನೋಡಿಕೊಂಡು ಬನ್ನಿ."

ಅವರು ಕೈ ಚಾಚಿದರು, ಆಕೆ ಹಿಡಿದರು. ಒಂದು, ಎರಡು, ಮೂರು ಎಂದು ಇಬ್ಬರೂ ಜೋರಾಗಿ ಎಣಿಸುತ್ತ ಬೀದಿಗೆ ಇಳಿದರು.